ಅಕ್ಕಿ ಮೂಟೆಯ ಮಾತಿಗೆ ಏನು ಉತ್ತರ?

ಧಾರವಾಡ ಜಿಲ್ಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಸಹೋದ್ಯೋಗಿಯೊಬ್ಬರು 'ಅಕ್ಕಿ ಮೂಟೆಗೆ ಧರ್ಮ ಮಾರಿಕೊಂಡವರು' ಎಂದು ಕ್ರೈಸ್ತರನ್ನು ಹಳಿಯುವ ಫಾರ್ವರ್ಡ್ ಹಾಕಿದರು. ಪ್ರತಿ ಸಂಕ್ರಾಂತಿಗೆ ನನಗೆ ಕುಸುರೆಳ್ಳು ಕೊಡುವ ಅಕ್ಕೋರೇ ಅವರು. ಪಿಯುಸಿ ಓದುವ ಮಗ ನನ್ನ ಫೋನ್ ಕಸಿದುಕೊಂಡು ಉತ್ತರ ಬರೆಯಲು ಕೂತ. ಇನ್ನೊಂದು ಕೆನ್ನೆ ತೋರಿಸು ಎಂದು ಕರ್ತನು ಹೇಳಿಲ್ಲವೇ ಎಂದು ತಡೆದೆ. ಅಂದಿನಿಂದ ಸಿಟ್ಟಾಗಿದ್ದಾನೆ. ಓಣಿಯ ಪ್ರಾರ್ಥನಾ ಕೂಟಕ್ಕೂ ನಾಲ್ಕು ಜನ ಬಂದು ಬೆದರಿಸಿ ಹೋಗಿದ್ದಾರೆ. ಯಾರು ಸರಿ, ನಾನೋ ಮಗನೋ? ಹೆಸರು ಹಾಕಬೇಡಿ."

ಪ್ರಿಯ ಸಹೋದರಿ,

ಕೆನ್ನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಮಾತು ಹೇಳಿದ ಯೇಸುವಿನ ಕೆನ್ನೆಗೇ ಒಮ್ಮೆ ಏಟು ಬಿತ್ತು. ಯೋಹಾನನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ಮಹಾಯಾಜಕನಾಗಿದ್ದ ಅನ್ನ ಎಂಬವನ ಮುಂದೆ ವಿಚಾರಣೆ ನಡೆಯುವಾಗ ಕಾವಲಿನವನೊಬ್ಬ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪೆಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ಹೊಡೆದವನನ್ನೇ ನೋಡಿ ಕೇಳಿದ ಪ್ರಶ್ನೆ ಅದು. ನಾವು ಎಷ್ಟೋ ಸಲ ಅಂಜಿಕೆಯಿಂದ ಬಾಯಿ ಮುಚ್ಚಿಕೊಂಡು ಅದಕ್ಕೆ ಸಾತ್ವಿಕತೆ ಎಂದು ಹೆಸರಿಡುತ್ತೇವೆ. ನಾನೂ ಇಟ್ಟಿದ್ದೇನೆ.

ಇನ್ನು ಮಗನ ಸಿಟ್ಟು. ಅದರಲ್ಲಿ ತಪ್ಪಿಲ್ಲ, ಆದರೆ ಆ ಫಾರ್ವರ್ಡಿಗೆ ನಿಜವಾದ ಉತ್ತರ ಏನೆಂದು ಅವನಿಗೆ ಗೊತ್ತಿದೆಯೇ? ಮನೆಯಲ್ಲಿ ಯಾರಾದರೂ ಹೇಳಿದ್ದೀರಾ? ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದಳು. ಅವಳ ಅಜ್ಜಿ ಧಾತು ಸಂವತ್ಸರದ ಬರದಲ್ಲಿ, ಅಂದರೆ 1876ರಿಂದ 78ರವರೆಗಿನ ಆ ಘೋರ ಬರದಲ್ಲಿ, ತಂದೆತಾಯಿ ಸತ್ತ ಮೇಲೆ ಮಿಷನ್ನಿನ ಅನಾಥಾಲಯ ಸೇರಿದ ಹುಡುಗಿ. ಹೌದು, ಹಸಿದು ಬಂದವಳು. ಅಕ್ಕಿ ಅಂತೂ ಅಲ್ಲ, ನಮ್ಮ ಕಡೆ ಆಗ ಅಕ್ಕಿ ಎಲ್ಲಿತ್ತು? ಜೋಳದ ಗಂಜಿ. ಅದನ್ನು ಮುಚ್ಚಿಡುವುದು ಯಾಕೆ? ಹಸಿದ ಮಗುವಿಗೆ ಗಂಜಿ ಕೊಟ್ಟದ್ದು ಕೊಟ್ಟವರಿಗೂ ನಾಚಿಕೆಯ ವಿಷಯವಲ್ಲ, ಉಂಡವಳಿಗೂ ಅಲ್ಲ. ಬರ ಮುಗಿದು ಮಳೆ ಬಂತು, ಗಂಜಿಯ ಸಾಲು ಕರಗಿತು, ಅವಳು ಮಾತ್ರ ಬೈಬಲ್ ಬಿಡಲಿಲ್ಲ. ಅಕ್ಷರ ಕಲಿತು ನಾಲ್ಕು ಮಕ್ಕಳಿಗೆ ಕಲಿಸಿದಳು. ಗಂಜಿಗೇ ಬಂದವಳಾಗಿದ್ದರೆ ಮಳೆ ಬಂದ ಮೇಲೆ ಹೋಗಬೇಕಿತ್ತಲ್ಲ? ನಿಮ್ಮ ಮನೆಯಲ್ಲೂ ಇಂಥದ್ದೊಂದು ಕಥೆ ಇದ್ದೀತು, ಮಗನಿಗೆ ಹೇಳಿ.

ಪ್ರಾರ್ಥನಾ ಕೂಟದ ವಿಷಯ ಬೇರೆ, ಅದನ್ನು ವಾಟ್ಸಾಪಿನ ಜೊತೆ ಕಲಸಬೇಡಿ. ಬೆದರಿಕೆಗೆ ಕಾನೂನು ಇದೆ, ಕಾನೂನಿನ ಬಾಗಿಲು ತಟ್ಟುವುದು ವಿಶ್ವಾಸದ ಕೊರತೆಯಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ಅಪೊಸ್ತಲ ಪೌಲನನ್ನು ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದರು. ಬೆಳಿಗ್ಗೆ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಅವನು ಹೊರಡಲೇ ಇಲ್ಲ. ನಾವು ರೋಮಿನ ಪೌರರು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದ. ಹಟ ಅನ್ನಿಸಬಹುದು. ನನಗನ್ನಿಸುವುದು, ತಾನು ಹೋದ ಮೇಲೆ ಅದೇ ಊರಲ್ಲಿ ಉಳಿಯಬೇಕಿದ್ದ ಲುದ್ಯಳ ಮನೆಯ ಪುಟ್ಟ ಸಭೆಗಾಗಿ ಅವನು ಹಾಗೆ ಮಾಡಿದ. ನಿಮ್ಮ ಓಣಿಯ ಕೂಟವೂ ಅಂಥದ್ದೇ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ನಿಮಗೂ ಇದೆ. ಧಾರ್ಮಿಕ ಸಭೆಗೆ ಬೇಕೆಂದೇ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮಿನಡಿ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆಯಿದೆ. ಮತ್ತೆ ಗುಂಪು ಬಂದರೆ ವಾದಕ್ಕೆ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ. ಠಾಣೆಗೆ ಹೋಗುವಾಗ ದೂರನ್ನು ಬರೆದುಕೊಂಡೇ ಹೋಗಿ, ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ. ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು.

ಹಾಗಾದರೆ ಕ್ಷಮೆ ಎಲ್ಲಿ ಹೋಯಿತು ಎನ್ನಬೇಡಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಅವರ ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಹೇಳಿದರು, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಇತ್ತ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ನಡೆಯಿತು, ಮುಖ್ಯ ಅಪರಾಧಿ ದಾರಾ ಸಿಂಗನ ಜೀವಾವಧಿ ಶಿಕ್ಷೆ 2011ರಲ್ಲಿ ಖಾಯಂ ಆಯಿತು. ಆ ತಾಯಿಯ ಕ್ಷಮೆ ಕೋರ್ಟಿಗೆ ಅಡ್ಡ ಬರಲಿಲ್ಲ.

ಇಷ್ಟು ಹೇಳಿ ನನ್ನದೊಂದು ತಪ್ಪು ಮುಚ್ಚಿಟ್ಟರೆ ಸರಿಯಾಗದು. ಇಪ್ಪತ್ತೆರಡರ ಹರೆಯದ ಹುರುಪಿನಲ್ಲಿ ಜಾತ್ರೆಯೊಂದರಲ್ಲಿ ಕರಪತ್ರ ಹಂಚುತ್ತಿದ್ದೆ. ಅದರಲ್ಲಿ ಆ ಊರಿನ ದೇವರ ಬಗ್ಗೆ ಈಗ ಬರೆಯಲು ನಾಚಿಕೆಯಾಗುವ ಎರಡು ಸಾಲು ಇದ್ದವು. ತೆಂಗಿನಕಾಯಿ ಮಾರುತ್ತಿದ್ದ ಮುದುಕರೊಬ್ಬರು ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡರು, ಪೂರ್ತಿ ಓದಿದರು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟರು. "ತಮ್ಮಾ, ನಿಮ್ಮ ಯೇಸುನೂ ಹಿಂಗ ಮಂದೀನ ಬೈತಿದ್ದನೇನು?" ಎಂದರು, ಅಷ್ಟೇ. ಉಳಿದ ಕಟ್ಟನ್ನು ಯಾರಿಗೂ ಕೊಡದೆ ಮನೆಗೆ ತಂದೆ. ನಮ್ಮ ಮೇಲಿನ ಹಗೆಗೆಲ್ಲ ನಾವೇ ಕಾರಣ ಎನ್ನುತ್ತಿಲ್ಲ, ಅದು ಸುಳ್ಳು. ಆದರೆ ನಮ್ಮ ವೇದಿಕೆಗಳಿಂದ ಇಂದಿಗೂ ಅಂಥ ಸಾಲುಗಳು ಕೇಳಿಬರುತ್ತವೆ. ನಿಮ್ಮ ಸಭೆಯಲ್ಲಿ ಕೇಳಿಬಂದರೆ ಎದ್ದು ನಿಂತು ಆಕ್ಷೇಪಿಸುವುದೂ ಈ ಉತ್ತರದ ಭಾಗವೇ.

ಈಗ ಆ ಅಕ್ಕೋರು. ಗ್ರೂಪಿನಲ್ಲಿ ಬರೆಯಬೇಡಿ, ಅಲ್ಲಿ ಮೂವತ್ತು ಜನ ನೋಡುತ್ತಿರುವಾಗ ಯಾರೂ ತಪ್ಪಾಯಿತು ಎನ್ನುವುದಿಲ್ಲ. ಊಟದ ಬಿಡುವಿನಲ್ಲಿ ಒಬ್ಬರೇ ಇದ್ದಾಗ ಹೋಗಿ ಕೂತು, ಅಕ್ಕೋರೆ, ಅದನ್ನು ಹಾಕುವಾಗ ನನ್ನ ನೆನಪು ಬಂತೇ ಎಂದು ಕೇಳಿ. ಬಹುಶಃ ಬಂದಿರಲಿಕ್ಕಿಲ್ಲ, ಫಾರ್ವರ್ಡಿನ ಗುಣವೇ ಅದು. ಬಂದಿತ್ತು ಎಂದರೆ ನಿಮ್ಮ ಮನೆಯ ಕಥೆ ಹೇಳಿ. ಅವರು ಮುಖ ತಿರುಗಿಸಿದರೂ ಡಿಸೆಂಬರಿನಲ್ಲಿ ಕರ್ಚೀಕಾಯಿ ಡಬ್ಬಿ ಎಂದಿನಂತೆ ಅವರಿಗೂ ಹೋಗಲಿ.

ಮಗ ಅಂದುಕೊಂಡ ಉತ್ತರವನ್ನು ಕಾಗದದ ಮೇಲೆ ಬರೆಯಲಿ. ಬೈಗುಳ ತೆಗೆದು ಹಾಕಿದ ಮೇಲೆ ಎಷ್ಟು ಸಾಲು ಉಳಿಯುತ್ತವೋ ಅಷ್ಟನ್ನು ನನಗೆ ಕಳಿಸಲಿ. ಹೆಸರಿಲ್ಲದೆಯೇ ಅಚ್ಚು ಹಾಕುತ್ತೇನೆ.

ಸಂಪಾದಕ