ಆರೂವರೆಗೆ ಸರಿಯಾಗಿ ಬ್ಯಾಗ್ ಎತ್ತಿದರೆ ತಪ್ಪಾ?

ಪ್ರಶ್ನೆ: ರಾಜಾಜಿನಗರದ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಾರಕ್ಕೆ ಆರು ದಿನ, ಬೆಳಿಗ್ಗೆ 9.30ರಿಂದ ಸಂಜೆ 6.30. ಮಧ್ಯೆ ಊಟಕ್ಕೆ ಒಂದು ಗಂಟೆ. ದಿನಾ ತುಮಕೂರಿನಿಂದ ಓಡಾಡುತ್ತೇನೆ. ಟೈಮಿಗೆ ಬಿಟ್ಟರೆ ಯಶವಂತಪುರದಲ್ಲಿ ರೈಲು ಸಿಗುತ್ತದೆ. ತಪ್ಪಿದರೆ ಬಸ್ಸೇ ಗತಿ, ನೆಲಮಂಗಲ ದಾಟುವಷ್ಟರಲ್ಲಿ ಸಾಕುಸಾಕಾಗುತ್ತದೆ. ನನ್ನ ಕೆಲಸ ಏನೂ ಬಾಕಿ ಇರುವುದಿಲ್ಲ. ಆದರೂ ನಾನು ಎದ್ದ ಕೂಡಲೇ ಮ್ಯಾನೇಜರ್ "ಏನಮ್ಮಾ, ಇವತ್ತು ಹಾಫ್ ಡೇನಾ?" ಅಂತ ಎಲ್ಲರ ಮುಂದೆ ಕೇಳುತ್ತಾರೆ. ಉಳಿದವರು ಎಂಟರವರೆಗೂ ಕೂತಿರುತ್ತಾರೆ. ಈ ಸಲ ಇನ್‌ಕ್ರಿಮೆಂಟ್ ನನಗೇ ಕಡಿಮೆ ಬಂತು. ನಾನೂ ಅವರ ಹಾಗೆ ಕೂರಬೇಕಾ?
— ಹೆಸರು ಬೇಡ, ತುಮಕೂರು

ಉತ್ತರ: ಕೂರಬೇಡಿ. ರೈಲು ಹಿಡಿಯಿರಿ. ಆದರೆ ಹೊರಡುವ ಮುಂಚಿನ ಅರ್ಧ ಗಂಟೆಯನ್ನು ಸ್ವಲ್ಪ ಬೇರೆ ಥರ ಬಳಸಿಕೊಳ್ಳಿ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ನೋಡೋಣ. ನೀವು ಅಕೌಂಟ್ಸ್‌ನವರು, ಲೆಕ್ಕ ನಿಮಗೆ ಹಿಡಿಸುತ್ತದೆ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ನಿಮ್ಮಂಥ ಕಚೇರಿಗಳಿಗೂ ಅದೇ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಊಟದ ಬಿಡುವು ಇದರಲ್ಲಿ ಸೇರುವುದಿಲ್ಲ. ಅಂದರೆ ನಿಮ್ಮದು ದಿನಕ್ಕೆ 8 ಗಂಟೆ ಕೆಲಸ, ಆರು ದಿನಕ್ಕೆ ಸರಿಯಾಗಿ 48. ಆರೂವರೆಗೆ ನಿಮ್ಮ ವಾರದ ಕೋಟಾ ಬಾಯಿವರೆಗೆ ತುಂಬಿರುತ್ತದೆ. ಅದರ ಮೇಲೆ ಕೂರುವ ಪ್ರತಿ ನಿಮಿಷವೂ ಓಟಿ, ಅಂದರೆ ಓವರ್‌ಟೈಮ್. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಅದಕ್ಕೂ ಮಿತಿ ಇದೆ: ಮೂರು ತಿಂಗಳಲ್ಲಿ ಒಟ್ಟು 50 ಗಂಟೆ.

ಈಗ ಎಂಟರವರೆಗೆ ಕೂರುವ ನಿಮ್ಮ ಸಹೋದ್ಯೋಗಿಗಳನ್ನು ನೋಡಿ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ 9. ಮೂರು ತಿಂಗಳು ಅಂದರೆ 13 ವಾರ, 117 ಗಂಟೆ. ಕಾನೂನು ಒಪ್ಪುವುದರ ಎರಡು ಪಟ್ಟಿಗಿಂತ ಜಾಸ್ತಿ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಹದಿನಾಲ್ಕು ದಿನಕ್ಕೂ ಹೆಚ್ಚಿನ ಕೆಲಸ. ಇದಕ್ಕೆ ಅವರಿಗೆ ದುಡ್ಡು ಬರುತ್ತಿದೆಯಾ? ನಿಮ್ಮ ಪತ್ರದ ಧಾಟಿ ನೋಡಿದರೆ ಇಲ್ಲ ಅನ್ನಿಸುತ್ತದೆ. ಈ ಮಿತಿಗಳನ್ನು ಏರಿಸುವ ಪ್ರಸ್ತಾಪ 2024ರಲ್ಲೂ 2025ರಲ್ಲೂ ಬಂದಿತ್ತು, ನೌಕರರ ಸಂಘಗಳು ವಿರೋಧಿಸಿದವು. ನಾನು ಹೇಳುತ್ತಿರುವುದು 1961ರ ಕಾಯ್ದೆಯ ಲೆಕ್ಕ.

ಒಂದು ಸಣ್ಣ ತಿರುವು ಇದೆ. ವಾರಕ್ಕೆ ಐದೇ ದಿನ ಕೆಲಸ ಮಾಡುವವರಿಗೆ ಈ ಲೆಕ್ಕ ಇಷ್ಟು ಸಲೀಸಲ್ಲ. ಅವರು ಎಂಟರವರೆಗೆ ಕೂತರೂ ವಾರಕ್ಕೆ 47.5 ಗಂಟೆ ಆಗುತ್ತದೆ, 48ರ ಒಳಗೇ. ದಿನಕ್ಕೆ 9 ದಾಟಿದ ಅರ್ಧ ಗಂಟೆ ಮಾತ್ರ ಓಟಿ. ಹಾಗಾಗಿ ಐಟಿಯಲ್ಲಿ ಐದು ದಿನ ಕೆಲಸ ಮಾಡುವ ಗೆಳತಿ ಯಾರಾದರೂ ಹೇಳಿದ್ದನ್ನು ಹಾಗೇ ನಿಮಗೆ ಹೊಂದಿಸಿಕೊಳ್ಳಬೇಡಿ.

ಇನ್ನು ಉಳಿದವರು ಯಾಕೆ ಕೂರುತ್ತಾರೆ? ನಾನು ಎಚ್‌ಆರ್ ಕೆಲಸದಲ್ಲಿ ಕಂಡ ಕಾರಣಗಳಲ್ಲಿ ಕೆಲಸ ಕೊನೆಗೆ ಬರುತ್ತದೆ. ಸಾಹೇಬರು ಎದ್ದಿಲ್ಲ ಅನ್ನುವುದು ಮೊದಲನೆಯದು. ಟ್ರಾಫಿಕ್ ಇಳಿಯಲಿ ಅಂತ ಕೂರುವವರಿದ್ದಾರೆ. ಪಿಜಿ ರೂಮಿಗೆ ಬೇಗ ಹೋಗಿ ಮಾಡುವುದೇನು ಅಂತ ಎಸಿಯಲ್ಲಿ ಕೂರುವವರಿದ್ದಾರೆ. ಮಧ್ಯಾಹ್ನ ಮೂರಕ್ಕೆ ಟೀಗೆ ಹೋದವರು ನಾಲ್ಕಕ್ಕೆ ಬಂದು, ಆ ಗಂಟೆಯನ್ನು ಸಂಜೆ ತುಂಬಿಸುವುದೂ ಉಂಟು. ಅವರಲ್ಲಿ ನಿಜವಾಗಿ ಕೆಲಸ ತಲೆಮೇಲೆ ಬಿದ್ದವರೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಗುರುತಿಸಿ, ಕೈಲಾದರೆ ಹಗಲಲ್ಲೇ ಅವರ ಒಂದು ಕೆಲಸ ಹಗುರ ಮಾಡಿ. ಕಚೇರಿಯಲ್ಲಿ ನಿಮ್ಮ ಪರವಾಗಿ ಮಾತಾಡುವ ಒಂದು ಬಾಯಿ ಹಾಗೆ ಹುಟ್ಟುತ್ತದೆ.

ವಾರಕ್ಕೆ 70 ಗಂಟೆ ದುಡಿಯಿರಿ ಅಂತ ಇನ್ಫೋಸಿಸ್‌ನ ನಾರಾಯಣಮೂರ್ತಿ 2023ರಲ್ಲಿ ಹೇಳಿದರು. 2025ರಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಸುದ್ದಿಯಾಯಿತು. ಕಂಪನಿ ಕಟ್ಟಿದವರು ತಮ್ಮ ಪಾಲಿಗಾಗಿ ದುಡಿಯುವುದೇ ಬೇರೆ, ತಿಂಗಳ ಸಂಬಳಕ್ಕೆ ದುಡಿಯುವುದೇ ಬೇರೆ. ಮ್ಯಾನೇಜರುಗಳು ಆ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ, ಅಷ್ಟೇ.

ಈಗ ಆ ಅರ್ಧ ಗಂಟೆಯ ವಿಷಯ. ನಿಮ್ಮ ಕೆಲಸ ಮುಗಿದಿದೆ ಅಂತ ನಿಮಗೆ ಗೊತ್ತು, ಮ್ಯಾನೇಜರಿಗೆ ಗೊತ್ತಾ? ಅವರ ಕಣ್ಣಿಗೆ ಕಾಣುವುದು ಖಾಲಿ ಕುರ್ಚಿ ಮಾತ್ರ. ವರ್ಷದ ಕೊನೆಗೆ ಅಪ್ರೈಸಲ್ ಬರೆಯುವಾಗಲೂ ಅವರಿಗೆ ಆ ಕುರ್ಚಿಯೇ ನೆನಪಾಗುತ್ತದೆ. ಆದ್ದರಿಂದ ಆರಕ್ಕೆ ಅವರಿಗೆ ನಾಲ್ಕು ಸಾಲಿನ ಮೇಲ್ ಹಾಕಿ. ಇವತ್ತು ಇಷ್ಟು ಬಿಲ್ ಎಂಟ್ರಿ ಆಯಿತು, ಬ್ಯಾಂಕ್ ತಾಳೆ ಆಯಿತು, ಇಂಥ ಪಾರ್ಟಿಯ ಇನ್‌ವಾಯ್ಸ್ ಬಂದಿಲ್ಲ, ನಾಳೆ ಹನ್ನೊಂದರೊಳಗೆ ಕೇಳುತ್ತೇನೆ. ಕೊನೆಗೆ "ಬೇರೇನಾದರೂ ಅರ್ಜೆಂಟ್ ಇದ್ದರೆ ಈಗಲೇ ಹೇಳಿ ಸಾರ್" ಅಂತ ಸೇರಿಸಿ. ಅರ್ಜೆಂಟ್ ಇದ್ದರೆ ಆರಕ್ಕೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಆರೂವರೆಗೆ ಹಾಫ್ ಡೇ ಜೋಕು ಹೊಡೆಯುವುದು ಅವರಿಗೇ ಸ್ವಲ್ಪ ಮುಜುಗರ.

ಅಕೌಂಟ್ಸ್‌ನಲ್ಲಿ ಕೆಲವು ದಿನ ತಡವಾಗುವುದು ಸಹಜ. 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, ಜಿಎಸ್‌ಟಿ ರಿಟರ್ನ್‌ಗಳಲ್ಲಿ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಇವು ತಿಂಗಳಾರಂಭದಲ್ಲೇ ಗೊತ್ತಿರುವ ದಿನಗಳು. "ಈ ಮೂರು ದಿನ ಬೇಕಾದರೆ ನಿಲ್ಲುತ್ತೇನೆ, ಉಳಿದ ದಿನ ರೈಲಿಗೆ ಹೋಗುತ್ತೇನೆ" ಅಂತ ನೀವೇ ಮೊದಲು ಹೇಳಿ. ಈ ಮಾತು ಆಡಿದವರನ್ನು ಕೆಲಸಗಳ್ಳಿ ಅನ್ನುವುದು ಕಷ್ಟ. ಆ ದಿನಗಳಲ್ಲೂ ರೈಲು ಇದೆ ಅಂತ ಎದ್ದು ಹೋದರೆ ನಾನೂ ನಿಮ್ಮ ಪರ ಮಾತಾಡುವುದಿಲ್ಲ.

ಇನ್‌ಕ್ರಿಮೆಂಟ್ ಯಾಕೆ ಕಡಿಮೆ ಅಂತ ನೇರವಾಗಿ ಕೇಳಿ, ಮೇಲ್‌ನಲ್ಲೇ ಕೇಳಿ. ಕೆಲಸದ ತಪ್ಪು ತೋರಿಸಿದರೆ ತಿದ್ದಿಕೊಳ್ಳಿ. "ಬೇಗ ಹೋಗ್ತೀಯ" ಅನ್ನುವುದೊಂದೇ ಉತ್ತರವಾದರೆ, ನಿಗದಿತ ಸಮಯವನ್ನು ನೆನಪಿಸಿ, ಎಚ್‌ಆರ್‌ಗೂ ಒಂದು ಪ್ರತಿ ಕಳಿಸಿ. ಬಂದ, ಹೋದ ಹೊತ್ತಿನ ಪಂಚಿಂಗ್ ವಿವರ ಇಟ್ಟುಕೊಂಡಿರಿ. ಕಾರ್ಮಿಕ ಇಲಾಖೆಗೆ ದೂರು ಕೊಡುವ ದಾರಿಯೂ ಇದೆ, ಆದರೆ ಒಂದು ಚುಚ್ಚು ಮಾತಿಗೆ ಅಲ್ಲಿವರೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಆರು ಜನ ಹುಡುಗರಿದ್ದಾರೆ. ಸಂಜೆ ಆರು ಹೊಡೆದರೆ ಸಾಕು, ಮಷೀನ್ ಹೇಗಿದೆಯೋ ಹಾಗೇ ಬಿಟ್ಟು ಹೊರಡುತ್ತಾರೆ. ರೋಲರ್ ತೊಳೆಯುವುದು ನನ್ನ ಪಾಲಿಗೆ. ನಮ್ಮ ಕಾಲದಲ್ಲಿ ನಾವು ಗಡಿಯಾರ ನೋಡುತ್ತಿರಲಿಲ್ಲ. ಈಗಿನವರಿಗೆ ಕೆಲಸದ ಮೇಲೆ ಪ್ರೀತಿಯೇ ಇಲ್ಲವೇ?
— ಪ್ರೆಸ್ ಮಾಲೀಕರು, ಹುಬ್ಬಳ್ಳಿ

ಉತ್ತರ: ಪ್ರೀತಿಯ ಮಾತು ಬಿಡಿ, ಮಷೀನಿನ ಮಾತು ಆಡೋಣ. ಕೊನೆಯ ಜಾಬ್ ಎಷ್ಟು ಗಂಟೆಗೆ ಮಷೀನಿಗೆ ಏರಿಸುತ್ತೀರಿ? ಐದೂಮುಕ್ಕಾಲಿಗೆ ಏರಿಸಿದರೆ ಆರಕ್ಕೆ ತೊಳೆದು ಮುಗಿಸುವುದು ಯಾರಿಂದಲೂ ಆಗದು. ಇಂಕ್ ತೆಗೆದು, ರೋಲರ್, ಬ್ಲ್ಯಾಂಕೆಟ್ (ಅಚ್ಚನ್ನು ಕಾಗದಕ್ಕೆ ಒತ್ತುವ ರಬ್ಬರ್ ಹಾಳೆ) ತೊಳೆಯುವುದೂ ಕೆಲಸವೇ, ಅದು ಕೆಲಸದ ವೇಳೆಯೊಳಗೇ ಬರಬೇಕು. ಐದೂವರೆಗೆ ಪ್ರಿಂಟಿಂಗ್ ನಿಲ್ಲಲಿ, ಉಳಿದ ಅರ್ಧ ಗಂಟೆ ತೊಳೆಯಲು. ಒಂದು ವಾರ ಮಾಡಿ ನೋಡಿ. ಇಷ್ಟಾದ ಮೇಲೂ ಇಂಕ್ ಒಣಗಲು ಬಿಟ್ಟು, ಒಂದು ಮಾತೂ ಹೇಳದೆ ಹೋದರೆ ಆಗ ತಪ್ಪು ಹುಡುಗರದ್ದು. ಗಟ್ಟಿಯಾಗಿಯೇ ಕೇಳಿ.

ಇನ್ನೊಂದು ಮಾತು. ಬೆಳಿಗ್ಗೆ ಹತ್ತು ನಿಮಿಷ ತಡವಾದರೆ ಸಂಬಳ ಹಿಡಿಯುತ್ತೀರಾ? ಹಿಡಿಯುವುದಾದರೆ ಗಡಿಯಾರ ನೋಡುವುದನ್ನು ಅವರಿಗೆ ಕಲಿಸಿದವರು ನೀವೇ. ಬೆಳಿಗ್ಗೆ ಹತ್ತು ನಿಮಿಷ ಬಿಟ್ಟುಕೊಟ್ಟವರು ಸಂಜೆ ಹತ್ತು ನಿಮಿಷ ಕೇಳಿ ಪಡೆಯಬಹುದು.

ಮದುವೆ ಸೀಸನ್ ಬಂತು, ಲಗ್ನಪತ್ರಿಕೆ ರಾಶಿ ಬಿದ್ದಿದೆ ಅನ್ನಿ. ಇವತ್ತು ಸಂಜೆ ಐದೂಮುಕ್ಕಾಲಿಗೆ "ನಿಲ್ಲಬೇಕ್ರೋ" ಅಂದರೆ ಯಾರೂ ಖುಷಿಯಾಗಿ ನಿಲ್ಲುವುದಿಲ್ಲ. ಸೋಮವಾರವೇ ಹೇಳಿ, ಗಂಟೆಗೆ ಎಷ್ಟು ಅಂತ ಹೇಳಿ, ಶನಿವಾರ ಕೈಗೆ ಕೊಡಿ. ಗಿರ್ಮಿಟ್ಟು, ಮಿರ್ಚಿ ತರಿಸಿಕೊಟ್ಟರೆ ಸಂತೋಷವೇ, ಆದರೆ ಅದು ಓಟಿ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಐಟಿ ಕಂಪನಿಗಳಿಗೆ ಕೆಲಸದ ಗಂಟೆಯ ಕಾನೂನೇ ಇಲ್ಲ, ವಿನಾಯಿತಿ ಇದೆ ಅಂತ ನಮ್ಮ ಟೀಮ್ ಲೀಡ್ ಹೇಳುತ್ತಾರೆ. ನಿಜವಾ? ಅಮೆರಿಕದ ಕಾಲ್‌ನಿಂದ ಟೈಮಿಗೆ ಹೊರಡಲು ಆಗುತ್ತಲೇ ಇಲ್ಲ.
— ಓದುಗ, ಬೆಂಗಳೂರು

ಉತ್ತರ: ನಿಜ ಅಲ್ಲ. ವಿನಾಯಿತಿ ಕೊಟ್ಟಿದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ. ಅದು ಸೇವಾ ಷರತ್ತುಗಳನ್ನು ಬರೆದಿಡುವ ಕಾಯ್ದೆಯಾಗಿತ್ತು, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂತು. ಕೆಲಸದ ಗಂಟೆಗೆ ಮೇಲೆ ಹೇಳಿದ 1961ರ ಕಾಯ್ದೆಯೇ ಲೆಕ್ಕ. ಆಡಳಿತದ (ಮ್ಯಾನೇಜ್‌ಮೆಂಟ್) ಹುದ್ದೆಯಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ.

ಕಾಲ್ ವಿಷಯಕ್ಕೆ ಬಂದರೆ, ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದೇ ಕಾಲ್ 7.30ಕ್ಕೆ ಜಾರುತ್ತದೆ. ಮಾರ್ಚ್‌ವರೆಗೂ ಹೀಗೇ. ಇದು ಪ್ರತಿ ವರ್ಷ ಆಗುವುದೇ. ಅಕ್ಟೋಬರ್‌ನಲ್ಲೇ ಲೀಡ್ ಜತೆ ಕೂತು ಎರಡು ವಿಷಯ ಕೇಳಿ: ಕಾಲ್ ಇರುವ ದಿನ ಬೆಳಿಗ್ಗೆ ತಡವಾಗಿ ಬರಬಹುದಾ, ಟೀಮಿನಲ್ಲಿ ಸರದಿ ಮೇಲೆ ಹಾಜರಾಗಬಹುದಾ. ಎರಡಕ್ಕೂ ಇಲ್ಲ ಅಂದರೆ ಮನೆಗೆ ಹೋಗಿ ಅಲ್ಲಿಂದಲೇ ಸೇರುತ್ತೇನೆ ಅನ್ನಿ. ಏಳೂವರೆಯ ಕಾಲ್‌ಗಾಗಿ ಆರರಿಂದ ಕಚೇರಿಯಲ್ಲಿ ಸುಮ್ನೆ ಕಾಯುವುದು ಯಾರಿಗೂ ಲಾಭವಿಲ್ಲ.