ಇಂಗ್ಲಿಷ್ ಲೇಖನದ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಉಲ್ಲೇಖ ಶೈಲಿ) ಗ್ರಂಥಸೂಚಿಯಲ್ಲಿ ಧಾರವಾಡದಲ್ಲಿ ಅಚ್ಚಾದ ಕನ್ನಡ ಪುಸ್ತಕವನ್ನು ಹೇಗೆ ನಮೂದಿಸಬೇಕು?

ಎಪಿಎ 7ನೇ ಆವೃತ್ತಿಯಾದರೆ, ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಓರೆ ಅಕ್ಷರದಲ್ಲಿ ಬರೆದು, ಪಕ್ಕದಲ್ಲೇ ಚೌಕ ಆವರಣದೊಳಗೆ ಇಂಗ್ಲಿಷ್ ಅನುವಾದ ಕೊಡಿ. ಅನುವಾದ ನೇರ ಅಕ್ಷರದಲ್ಲಿರಲಿ. ಪ್ರಕಾಶಕರ ಹೆಸರು ಸಾಕು, ‘ಧಾರವಾಡ’ ಎಂದು ಊರು ಹಾಕುವುದು ಬೇಡ.

ಎಡವಟ್ಟಾಗುವುದು ಹೆಸರುಗಳಲ್ಲಿ. ನಮ್ಮ ಕಡೆ ಅಡ್ಡಹೆಸರು ಇರುವುದರಿಂದ ‘ಎಸ್. ಬಿ. ಪಾಟೀಲ’ ಸಲೀಸಾಗಿ ‘ಪಾಟೀಲ, ಎಸ್. ಬಿ.’ ಆಗುತ್ತದೆ. ಸಂಸ್ಥೆಯೇ ಲೇಖಕನಾದಾಗ ಎಚ್ಚರ: ಗ್ರಂಥಸೂಚಿ ತಯಾರಿಸುವ ತಂತ್ರಾಂಶವಾದ ಝೊಟೆರೋದಲ್ಲಿ ‘ಕರ್ನಾಟಕ ಯೂನಿವರ್ಸಿಟಿ’ಯನ್ನು ಹೆಸರು, ಅಡ್ಡಹೆಸರು ಎಂಬ ಎರಡು ಖಾನೆಗೆ ಒಡೆದು ತುಂಬಿದರೆ, ಪಟ್ಟಿಯಲ್ಲಿ ‘ಯೂನಿವರ್ಸಿಟಿ, ಕೆ.’ ಎಂಬ ಹೊಸ ಲೇಖಕರು ಹುಟ್ಟಿಕೊಳ್ಳುತ್ತಾರೆ! ಪಕ್ಕದ ಬಟನ್ ಒತ್ತಿ ಒಂದೇ ಖಾನೆ ಮಾಡಿ.

ಪ್ರತಿ ನಮೂದಿನ ಎರಡನೇ ಸಾಲಿನಿಂದ 0.5 ಇಂಚು ಒಳಸರಿಸಬೇಕು. ಸ್ಪೇಸ್ ಒತ್ತಿ ಸರಿಸಿದರೆ ಫಾಂಟ್ ಬದಲಾದ ಕೂಡಲೇ ಸಾಲುಗಳು ಚೆಲ್ಲಾಪಿಲ್ಲಿ. ವರ್ಡ್‌ನಲ್ಲಿ ಕಂಟ್ರೋಲ್ ಜೊತೆ ಟಿ ಒತ್ತಿ.