ಓದುಗರ ಪ್ರಶ್ನೆ: ಉಕ್ಕಿನ ಊರು ಮತ್ತು ನಮ್ಮ ಬಡಾವಣೆ

ಪ್ರಶ್ನೆ: ಜಮ್‌ಶೆಡ್‌ಪುರದ ನಕ್ಷೆ ಹಾಕಿದ್ದು ನಮ್ಮ ಮುದ್ದೇನಹಳ್ಳಿಯ ಸರ್ ಎಂ.ವಿ. ಅವರೇ ಎನ್ನುತ್ತಾರೆ. ಹೌದೇ? (ಚಿಕ್ಕಬಳ್ಳಾಪುರದಿಂದ)

ಅಲ್ಲ. ಅವರು 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. ಭದ್ರಾವತಿ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದ ಅನುಭವ ಅವರ ಬೆನ್ನಿಗಿತ್ತು. ನಕ್ಷೆ ಮಾತ್ರ ಬೇರೆಯವರದು. 1912ರ ಹೊತ್ತಿಗೆ ಅಮೆರಿಕದ ಪಿಟ್ಸ್‌ಬರ್ಗ್‌ನ ಎಂಜಿನಿಯರುಗಳು ಮೊದಲ ಬಡಾವಣೆ ಗುರುತಿಸಿದರು. ಆಮೇಲೆ ಅದನ್ನು ತಿದ್ದಿ ಬೆಳೆಸಲು ಟೆಂಪಲ್, ಸ್ಟೋಕ್ಸ್, ಕೊನೆಗೆ 1940ರ ದಶಕದಲ್ಲಿ ಆಟೊ ಕೋನಿಗ್ಸ್‌ಬರ್ಗರ್ ಬಂದರು. ಈ ಕೋನಿಗ್ಸ್‌ಬರ್ಗರ್ ಆಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ. ನಮ್ಮ ಕಡೆಯ ನಂಟು ಇನ್ನೊಂದೂ ಇದೆ: 1958ರಲ್ಲಿ ನೆಹರೂ ಉದ್ಘಾಟಿಸಿದ ಅಲ್ಲಿನ ಜುಬಿಲಿ ಪಾರ್ಕಿಗೆ ಬೃಂದಾವನವೇ ಮಾದರಿ.

ಪ್ರಶ್ನೆ: ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅದಿರಿದೆ. ತುಮಕೂರು ಜಿಲ್ಲೆಯಲ್ಲಿ ಅಂಥ ಊರೇಕೆ ಹುಟ್ಟಲಿಲ್ಲ? (ಹುಳಿಯಾರಿನಿಂದ)

ಅದಿರೊಂದೇ ಸಾಲದು. ಒಂದು ಟನ್ ಬೀಡುಕಬ್ಬಿಣ ತೆಗೆಯಲು ಸುಮಾರು 1.6 ಟನ್ ಅದಿರು ಬೇಕು. ಜೊತೆಗೆ ಈಗಿನ ಒಳ್ಳೆಯ ಊದುಕುಲುಮೆಗೂ ಅರ್ಧ ಟನ್ನಿನಷ್ಟು ಇಂಧನ ಬೇಕು, ಅದರ ಬಹುಪಾಲು ಕೋಕ್, ಅಂದರೆ ಗಾಳಿಯಾಡದಂತೆ ಕಾಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು. ನೂರು ವರ್ಷದ ಹಿಂದೆ ಇದರ ಎರಡು ಪಟ್ಟು ಸುಡುತ್ತಿದ್ದರು. ಕೋಕ್ ಆಗುವ ಕಲ್ಲಿದ್ದಲು ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ಜಮ್‌ಶೆಡ್‌ಪುರ ಕಟ್ಟಲು ಸಾಕ್ಚಿ ಎಂಬ ಹಳ್ಳಿಯನ್ನು ಆರಿಸಿದವರಿಗೆ ಒಂದು ಕಡೆ ಮಯೂರ್‌ಭಂಜ್‌ನ ಗೊರುಮಹಿಸಾನಿ ಅದಿರು, ಇನ್ನೊಂದು ಕಡೆ ಝರಿಯಾದ ಕಲ್ಲಿದ್ದಲು, ಎದುರಿಗೇ ಸುವರ್ಣರೇಖಾ–ಖರ್ಕಾಯಿ ಸಂಗಮ, ಪಕ್ಕದಲ್ಲಿ ರೈಲುಮಾರ್ಗ ಸಿಕ್ಕಿತು. ಭದ್ರಾವತಿಯವರು ಕಲ್ಲಿದ್ದಲಿಲ್ಲದೆ ಕಾಡಿನ ಮರದ ಇದ್ದಲಿನಿಂದ ಶುರುಮಾಡಿದರು. ಅದರಿಂದ ಸಣ್ಣ ಕುಲುಮೆ ನಡೆದೀತು, ದೊಡ್ಡದು ಆಗದು. ಮರದ ಇದ್ದಲು ಮೆತ್ತಗಿರುವುದರಿಂದ ಎತ್ತರದ ಕುಲುಮೆಯಲ್ಲಿ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಇನ್ನು ನೀರು. ಟನ್ ಉಕ್ಕಿಗೆ 3,000 ಲೀಟರ್ ಎಂದು ಹಿಡಿದರೂ ವರ್ಷಕ್ಕೆ 10 ಲಕ್ಷ ಟನ್ನಿಗೆ ಸುಮಾರು 0.1 ಟಿಎಂಸಿ ಬೇಕು. ಕುಡಿಯುವುದಕ್ಕೇ ಹೇಮಾವತಿ ನಾಲೆಯ ದಾರಿ ಕಾಯುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಪ್ರಶ್ನೆ: ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಮೀಪ ನಮ್ಮ ಸಂಘ ಕಾರ್ಮಿಕರಿಗೆ ಸಾವಿರ ಮನೆಗಳ ಬಡಾವಣೆ ಮಾಡಬೇಕೆಂದಿದೆ. ಜಮ್‌ಶೆಡ್‌ಪುರದಿಂದ ಏನು ಕಲಿಯಬಹುದು? (ತುಮಕೂರಿನಿಂದ)

ಮೊದಲು ಅಲ್ಲಿ ಎಡವಿದ್ದೆಲ್ಲಿ ಎಂದು ನೋಡಿ. ಮೊದಲ ನಕ್ಷೆಯಲ್ಲಿ ಅಡ್ಡ-ಉದ್ದ ನೇರ ಬೀದಿಗಳಿದ್ದವು. ನೆಲವೋ ಉಬ್ಬುತಗ್ಗು. 1911ರಲ್ಲಿ ಆರು ಸಾವಿರವೂ ಇರದಿದ್ದ ಜನ 1921ಕ್ಕೆ 57 ಸಾವಿರ ದಾಟಿದರು, ನಕ್ಷೆಯಾಚೆ ಗುಡಿಸಲುಗಳೆದ್ದವು. ಟೆಂಪಲ್ ನೈರ್ಮಲ್ಯದ ಎಂಜಿನಿಯರ್. ಅವರು ನೆಲದ ಇಳಿಜಾರನ್ನು ನೋಡಿ ಬೀದಿ ಎಳೆದರು, ಹಳ್ಳಗಳನ್ನು ಸೈಟು ಮಾಡದೆ ಹಸಿರು ಪಟ್ಟಿಯಾಗಿ ಬಿಟ್ಟರು. ನೀವೂ ಇದನ್ನೇ ಮಾಡಿ.

ಸೈಟಿನ ಅಳತೆಗೆ ಕೈ ಹಾಕುವ ಮೊದಲು ಅರ್ಧ ಮೀಟರ್ ಎತ್ತರಕ್ಕೊಂದರಂತೆ ಸಮಮಟ್ಟದ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಸರ್ವೆ ಮಾಡಿಸಿ. ದಿಣ್ಣೆಯ ಮೇಲೆ ಮುಖ್ಯ ರಸ್ತೆ, ತಗ್ಗಿನಲ್ಲಿ ಚರಂಡಿ. ಸಾವಿರ ಮನೆಗೆ ಐದು ಸಾವಿರ ಜನ. ತಲೆಗೆ ದಿನಕ್ಕೆ 135 ಲೀಟರಿನಂತೆ 6.75 ಲಕ್ಷ ಲೀಟರ್ ನೀರು ಬೇಕು. ಅದರಲ್ಲಿ ಶೇ. 80, ಅಂದರೆ 5.4 ಲಕ್ಷ ಲೀಟರ್, ಕೊಳಕು ನೀರಾಗಿ ಹೊರಬರುತ್ತದೆ. ಅದನ್ನು ಶುದ್ಧೀಕರಿಸುವ ಘಟಕಕ್ಕೆ ಅತಿ ತಗ್ಗಿನ ಮೂಲೆಯನ್ನು ಈಗಲೇ ಮೀಸಲಿಡಿ. ಆ ಮೂಲೆ ಮಾರಾಟವಾಗಿಬಿಟ್ಟರೆ ಮುಂದೆ ವರ್ಷವಿಡೀ ಪಂಪಿನ ಕರೆಂಟ್ ಬಿಲ್ಲು ಕಟ್ಟಬೇಕು.

ಬೀದಿಯ 150 ಮಿ.ಮೀ. ಒಳಚರಂಡಿ ಪೈಪಿಗೆ 100 ಮೀಟರಿಗೆ ಒಂದು ಮೀಟರ್ ಇಳಿಜಾರು ಸಿಕ್ಕರೆ ಒಳ್ಳೆಯದು. ಹರಿವು ಸೆಕೆಂಡಿಗೆ 0.6 ಮೀಟರಿಗಿಂತ ನಿಧಾನವಾದರೆ ಮರಳು, ಕೊಬ್ಬು ತಳದಲ್ಲಿ ಕೂತು ಪೈಪು ಕಟ್ಟುತ್ತದೆ. 30 ಮೀಟರಿಗೊಂದು ಮ್ಯಾನ್‌ಹೋಲ್ ಇರಲಿ, ತಿರುವಿಗೊಂದು ಕಡ್ಡಾಯ. ಮಳೆನೀರಿನ ಮೋರಿಯನ್ನು ಈ ಒಳಚರಂಡಿಗೆ (ಯುಜಿಡಿ) ಸೇರಿಸಲೇಬೇಡಿ. ನಮ್ಮ ಊರುಗಳಲ್ಲಿ ಮಳೆಗೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಉಕ್ಕುವುದಕ್ಕೆ ದೊಡ್ಡ ಕಾರಣ ಈ ಬೆರಕೆಯೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಜಮ್‌ಶೆಡ್‌ಪುರದ ನಕ್ಷೆ ಕಂಪನಿ ನೌಕರರಿಗೆ ಚೆನ್ನಾಗಿತ್ತು. ಗುತ್ತಿಗೆ ಕೂಲಿಗಳಿಗೆ, ಮನೆಗೆಲಸದವರಿಗೆ, ತರಕಾರಿ ಮಾರುವವರಿಗೆ ಅದರಲ್ಲಿ ಸಾಕಷ್ಟು ಜಾಗವಿರಲಿಲ್ಲ. ಅವರು ಸುತ್ತಲಿನ ಬಸ್ತಿಗಳಲ್ಲಿ, ಜುಗ್ಸಲಾಯಿ, ಮಾಂಗೋ ಕಡೆಗಳಲ್ಲಿ ನೆಲೆಸಿದರು. ನಿಮ್ಮ ಸಾವಿರ ಮನೆಗಳಿಗೂ ಇಂಥವರು ಬಂದೇ ಬರುತ್ತಾರೆ. ಅವರಿಗೆ ಸಣ್ಣ ಬಾಡಿಗೆ ಮನೆಗಳನ್ನೂ ಸಂತೆಕಟ್ಟೆಯನ್ನೂ ನಕ್ಷೆಯಲ್ಲೇ ತೋರಿಸದಿದ್ದರೆ ರಾಜಕಾಲುವೆಯ ದಂಡೆಯೇ ಗತಿಯಾಗುತ್ತದೆ. ತಪ್ಪು ಅವರದಾಗುವುದಿಲ್ಲ, ನಕ್ಷೆಯದಾಗುತ್ತದೆ.

ಪ್ರಶ್ನೆ: ಅಲ್ಲಿ ನಲ್ಲಿ ನೀರನ್ನೂ ಕಂಪನಿಯೇ ಕೊಡುತ್ತದಂತೆ. ನಮ್ಮ ಕೆಜಿಎಫ್ ಕೂಡ ಹಾಗೇ ಇತ್ತು. ಇದು ಒಳ್ಳೆಯದೇ? (ಕೋಲಾರ ಜಿಲ್ಲೆಯಿಂದ)

ಕಂಪನಿ ನಡೆಯುವಷ್ಟು ದಿನ ಒಳ್ಳೆಯದು. ಜಮ್‌ಶೆಡ್‌ಪುರದಲ್ಲಿ ನೀರು, ಕಸ, ರಸ್ತೆ, ದೀಪ ನೋಡಿಕೊಳ್ಳುತ್ತಿದ್ದ ವಿಭಾಗವನ್ನೇ ಬೇರೆ ಕಂಪನಿಯಾಗಿ ಮಾಡಿದ್ದಾರೆ, ಕೆಲಸ ಅಚ್ಚುಕಟ್ಟು. ಆದರೆ ಅದನ್ನು ಪ್ರಶ್ನಿಸಲು ನಿವಾಸಿಗಳ ಕೈಯಲ್ಲಿ ನಗರಸಭೆಯ ಓಟಿಲ್ಲ. ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದ ವಿದ್ಯುತ್ ಬಂದಿತ್ತು, ಬೇತಮಂಗಲದ ನೀರು ಬರುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತ ಮೇಲೆ ಗಣಿ ಕಾಲೊನಿಗಳ ಪಾಡು ತಾವೇ ಕಂಡಿದ್ದೀರಿ. ಹಾಗಾಗಿ ಕಂಪನಿ ಕಟ್ಟುವ ಯಾವುದೇ ಬಡಾವಣೆಗೆ ಸಹಿ ಹಾಕುವಾಗ ಮೂರು ಸಂಗತಿ ಬರಹದಲ್ಲಿರಲಿ: ಪೈಪು, ಪಂಪು, ರಸ್ತೆಗಳನ್ನು ಎಷ್ಟು ವರ್ಷದೊಳಗೆ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು, ಅಲ್ಲಿಯವರೆಗಿನ ರಿಪೇರಿ ಹಣ ಯಾವ ಖಾತೆಯಲ್ಲಿರುತ್ತದೆ, ಮನೆಯ ಹಕ್ಕು ವಾಸವಿರುವವರ ಹೆಸರಿಗೆ ಯಾವಾಗ ಬರುತ್ತದೆ.